ಸಿನಾತ್ರಾ ಬೀಟಲ್ಸ್ ಹಾಡಿದ್ದು, ರಾಕ್‌ನವರು ಸಿನಾತ್ರಾ ಹಾಡಿದ್ದು: ಇದರಲ್ಲಿ ಕೇಳುವ ಹಾಗಿರುವುದು ಯಾವುದು?

ಕಲಬುರಗಿ ಗಿಟಾರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮ ಕಾಕಾ ಈ ತಿಂಗಳ ಕೊನೆಗೆ ರಿಟೈರ್ ಆಗುತ್ತಿದ್ದಾರೆ. ಹರೆಯದಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವರು. ರಫಿ, ಪಿ.ಬಿ. ಶ್ರೀನಿವಾಸ್, ಅವರ ಜೊತೆಗೆ ಅಮೆರಿಕದ ಹಳೇ ಮೆಲು ದನಿಯವರಾದ ಜಿಮ್ ರೀವ್ಸ್, ನ್ಯಾಟ್ ಕಿಂಗ್ ಕೋಲ್, ಫ್ರಾಂಕ್ ಸಿನಾತ್ರಾ. ಮೈಕಿಗೆ ತುಟಿ ತಾಗುವ ಹಾಗೆ ನಿಂತು ಮೆಲ್ಲಗೆ ಹಾಡುತ್ತಾರೆ, ಕೈ ಕೂಡ ಅಲ್ಲಾಡಿಸುವುದಿಲ್ಲ. ನಾನು ಅದರ ಉಲ್ಟಾ. ಕಾಲೇಜಿನ ಬ್ಯಾಂಡ್ ಇನ್ನೂ ಉಳಿದಿದೆ, ನಾಲ್ಕು ಜನ ಸೇರಿ ಬೀಟಲ್ಸ್‌ನಿಂದ ನಿರ್ವಾನಾ ತನಕ ರಾಕ್ ಬ್ಯಾಂಡ್‌ಗಳ ಹಾಡು ಬಾರಿಸುತ್ತೇವೆ. ಮನೆಯಲ್ಲಿ ಅದಕ್ಕೆ ಹೇಳುವುದು ಗದ್ದಲ ಅಂತ.

ಸ್ಟೇಷನ್ ರಸ್ತೆ ಕಡೆ ಒಂದು ಸಣ್ಣ ಹಾಲ್ ಹಿಡಿದಿದ್ದೇವೆ. ಊಟಕ್ಕೆ ಮುಂಚೆ ಒಂದು ತಾಸು ಹಾಡು. ನನ್ನ ಐಡಿಯಾ ಏನಂದರೆ, ಕಾಕಾ ನಮ್ಮ ರಾಕ್ ಹಾಡು ಹಾಡಬೇಕು, ನಾವು ಕಾಕಾನ ಹಾಡು ಹಾಡಬೇಕು. ಕಾಕಾ ಒಪ್ಪಿದ್ದಾರೆ, ಆದರೆ "ನನ್ನನ್ನು ಜೋಕರ್ ಮಾಡಬಾರದು" ಅಂತ ಷರತ್ತು ಹಾಕಿದ್ದಾರೆ.

ಆ ಷರತ್ತೇ ಈಗ ತಲೆನೋವು. ಯೂಟ್ಯೂಬ್‌ನಲ್ಲಿ ಹುಡುಕಿದರೆ ಹಳೇ ಕಾಲದ ಮೆಲು ದನಿಯವರು ರಾಕ್ ಹಾಡಿದ್ದು ಅರ್ಧಕ್ಕರ್ಧ ನಗು ಬರಿಸುತ್ತದೆ. ಅದೇ ರಾಕ್‌ನವರು ಹಳೇ ಹಾಡು ಹಾಡಿದರೆ ಪರವಾಗಿಲ್ಲ ಅನಿಸುತ್ತದೆ. ಹೀಗೆ ಯಾಕೆ? ನಿಜವಾಗಿ ಚೆನ್ನಾಗಿ ಬಂದಿರುವುದು ಯಾವುವು? ನಮ್ಮಲ್ಲಿ ಎರಡು ಗಿಟಾರ್, ಒಂದು ಕೀಬೋರ್ಡ್, ಡ್ರಮ್ಸ್ ಇದೆ. ತಬಲಾದವರೊಬ್ಬರು ಬರುತ್ತೇನೆ ಅಂದಿದ್ದಾರೆ.

ಬೀದರ್ ಕೋಟೆ ಗಾಳಿ

ನಿಮ್ಮ ಐಡಿಯಾವನ್ನು 1960ರಲ್ಲೇ ಟಿವಿಯಲ್ಲಿ ಮಾಡಿ ತೋರಿಸಿದ್ದಾರೆ ರೀ. ರಾಕ್ ಎಂಡ್ ರೋಲ್ ತಾರೆ ಎಲ್ವಿಸ್ ಪ್ರೀಸ್ಲಿ ಮಿಲಿಟರಿ ಸೇವೆ ಮುಗಿಸಿ ಆ ವರ್ಷ ಮಾರ್ಚ್‌ನಲ್ಲಿ ಊರಿಗೆ ಬಂದ. ಅವನನ್ನು ಸ್ವಾಗತಿಸುವ ಶೋ ನಡೆಸಿದ್ದು ಯಾರು ಹೇಳಿ? ಸಿನಾತ್ರಾ! ಮೂರು ವರ್ಷ ಮುಂಚೆ ರಾಕ್ ಎಂಡ್ ರೋಲ್‌ನ ಮಾನ ಹರಾಜು ಹಾಕಿ ಪತ್ರಿಕೆಯಲ್ಲಿ ಬೈದಿದ್ದ ಅದೇ ಸಿನಾತ್ರಾ. ಮಯಾಮಿ ಬೀಚ್‌ನ ಹೋಟೆಲೊಂದರಲ್ಲಿ ಶೂಟಿಂಗ್ ಆಯಿತು, ಮೇ ತಿಂಗಳಲ್ಲಿ ಪ್ರಸಾರ. ಕೆಲವೇ ನಿಮಿಷ ಕಾಣಿಸಿಕೊಂಡ ಎಲ್ವಿಸ್‌ಗೆ ಕೊಟ್ಟಿದ್ದು 1,25,000 ಡಾಲರ್. ಆಗಿನ ಕಾಲಕ್ಕೆ!

ಅದರಲ್ಲಿ ಇಬ್ಬರೂ ಸೂಟು ಬೂಟು ಹಾಕಿ ಪಕ್ಕಪಕ್ಕ ನಿಂತು ಹಾಡು ಬದಲಿಸಿಕೊಳ್ಳುತ್ತಾರೆ. ಸಿನಾತ್ರಾನ 'ವಿಚ್‌ಕ್ರಾಫ್ಟ್' ಎಲ್ವಿಸ್ ಬಾಯಲ್ಲಿ, ಎಲ್ವಿಸ್‌ನ 'ಲವ್ ಮಿ ಟೆಂಡರ್' ಸಿನಾತ್ರಾ ಬಾಯಲ್ಲಿ. ಒಬ್ಬ ಸ್ವಲ್ಪ ಹಾಡಿ ಬಿಟ್ಟರೆ ಇನ್ನೊಬ್ಬ ತನ್ನ ಪಾಲು ಹಾಡುತ್ತಾನೆ, ಕೊನೆಗೆ ಇಬ್ಬರೂ ಸೇರಿಕೊಳ್ಳುತ್ತಾರೆ. ನೋಡಲೇಬೇಕಾದದ್ದು ಎಲ್ವಿಸ್‌ನ ಭುಜ. ಹಾಡು ಸಿನಾತ್ರಾದ್ದು, ಬ್ಯಾಂಡ್ ಸಿನಾತ್ರಾದ್ದು, ಆದರೂ ಆ ಭುಜ ಸುಮ್ಮನಿರುವುದಿಲ್ಲ. ಯಾರೂ ಜೋಕರ್ ಆಗಲಿಲ್ಲ. ಯಾಕಂದರೆ ಇಬ್ಬರೂ ಒಬ್ಬರನ್ನೊಬ್ಬರು ಅನುಕರಣೆ ಮಾಡಲಿಲ್ಲ, ತಮ್ಮ ತಮ್ಮ ರೀತಿಯಲ್ಲೇ ಹಾಡಿದರು. ನಿಮ್ಮ ಕಾಕಾಗೆ ಮೊದಲು ಈ ವಿಡಿಯೋ ತೋರಿಸಿ.

ಇನ್ನೊಂದು ಮಾತು. 'ಲವ್ ಮಿ ಟೆಂಡರ್' 1956ರ ಹಾಡು, ಆದರೆ ಅದರ ಧಾಟಿ 1861ರ 'ಆರಾ ಲೀ' ಅನ್ನುವ ಹಾಡಿನದ್ದು. ಅಂದರೆ ಅದು ಹುಟ್ಟಿನಲ್ಲಿ ರಾಕ್ ಅಲ್ಲವೇ ಅಲ್ಲ. ಅದಕ್ಕೇ ಸಿನಾತ್ರಾ ಬಾಯಿಗೆ ಸಲೀಸಾಗಿ ಹೊಂದಿತು. ಕಾಕಾಗೆ ಇಂಥ ಹಾಡೇ ಹುಡುಕಿ.

ಯಾದಗಿರಿ ಲೋಕಲ್

ಎಲ್ಲರೂ ಇದನ್ನು ಏನೋ ಪ್ರೀತಿ ವಿಶ್ವಾಸದ ಕಥೆ ಅನ್ನುವ ಹಾಗೆ ಹೇಳುತ್ತಾರೆ. ಅಷ್ಟೇನೂ ಇಲ್ಲ. ಬಹಳಷ್ಟು ಸಲ ಇದು ದುಡ್ಡಿನ ವಿಷಯ.

ಬಿಳಿಯ ಗಾಯಕ ಪ್ಯಾಟ್ ಬೂನ್‌ನನ್ನೇ ತೆಗೆದುಕೊಳ್ಳಿ. 'ಏಂಟ್ ದಟ್ ಎ ಶೇಮ್' ಫ್ಯಾಟ್ಸ್ ಡೊಮಿನೊ ಬರೆದು ಹಾಡಿದ್ದು, 1955ರಲ್ಲಿ. ಅದೇ ವರ್ಷ ಬೂನ್ ಅದನ್ನು ಹಾಡಿದ, ಪಾಪ್ ಪಟ್ಟಿಯಲ್ಲಿ ಅವನದ್ದು ನಂಬರ್ ಒನ್ ಆಯಿತು, ಡೊಮಿನೊನದ್ದು ಆಗಲಿಲ್ಲ. ಮುಂದಿನ ವರ್ಷ ಲಿಟಲ್ ರಿಚರ್ಡ್‌ನ 'ಟುಟಿ ಫ್ರೂಟಿ'ಗೂ ಕೈ ಹಾಕಿದ. ರಿಚರ್ಡ್ ಕಿರುಚಿದ ಜಾಗದಲ್ಲಿ ಬೂನ್ ಇಸ್ತ್ರಿ ಹಾಕಿದ ಹಾಗೆ ಹಾಡುತ್ತಾನೆ. ಕಪ್ಪು ಜನರ ಹಾಡನ್ನು ಬಿಳಿಯರ ರೇಡಿಯೋಗೆ ಒಗ್ಗಿಸಿ ಕೊಟ್ಟು ಲಾಭ ಮಾಡಿಕೊಂಡದ್ದು ಅದು. ಕವರ್, ಅಂದರೆ ಬೇರೆಯವರ ಹಾಡು ಹಾಡುವುದು, ಅಂದ ತಕ್ಷಣ ಗೌರವ ಅಂತ ಅಂದುಕೊಳ್ಳಬೇಡಿ.

ಆಮೇಲೆ ಸಿನಾತ್ರಾ ಥರದ ಹಳೇ ಗಾಯಕ ಟೋನಿ ಬೆನೆಟ್. 1960ರ ದಶಕದ ಕೊನೆಗೆ ಹಳೇ ಹಾಡುಗಳ ರೆಕಾರ್ಡು ಮಾರಾಟ ಆಗುತ್ತಿರಲಿಲ್ಲ, ಕಂಪನಿಯವರು ಈಗಿನ ಹಿಟ್ ಹಾಡು ಅಂತ ಬೆನ್ನು ಹತ್ತಿದರು. 1970ರಲ್ಲಿ ಬಂದ ಆ ಆಲ್ಬಂನಲ್ಲಿ ಬೀಟಲ್ಸ್‌ನ 'ಎಲೆನರ್ ರಿಗ್ಬಿ' ಇದೆ, ಹೆಚ್ಚುಕಡಿಮೆ ನಾಟಕದ ಸಂಭಾಷಣೆ ಓದಿದ ಹಾಗೆ ಹೇಳಿದ್ದಾನೆ. ರೆಕಾರ್ಡಿಂಗ್‌ಗೆ ಮುಂಚೆ ಬೇಸರಕ್ಕೆ ವಾಂತಿ ಮಾಡಿಕೊಂಡ ಅನ್ನುವ ಕಥೆ ಇದೆ. ಕೇಳಿದರೆ ನಂಬಬೇಕು ಅನಿಸುತ್ತದೆ. ಅದೇ ಬೆನೆಟ್ 1994ರಲ್ಲಿ ಎಂಟಿವಿ ಅನ್‌ಪ್ಲಗ್ಡ್ ಅನ್ನುವ ಟಿವಿ ಕಾರ್ಯಕ್ರಮಕ್ಕೆ ಹೋಗಿ, ರಾಕ್ ಗೀಕ್ ಏನೂ ಮುಟ್ಟದೆ, ಅದೇ ಸೂಟಿನಲ್ಲಿ ಅದೇ ಹಳೇ ಹಾಡು ಹಾಡಿ ಹುಡುಗರನ್ನು ಗೆದ್ದ, ವರ್ಷದ ಆಲ್ಬಂ ಅಂತ ಗ್ರ್ಯಾಮಿಯನ್ನೂ ತೆಗೆದುಕೊಂಡ.

ಹಾಗಾಗಿ ನನ್ನ ಸಲಹೆ ಏನಂದರೆ ಕಾಕಾನ ಹಾಡು ಕಾಕಾಗೇ ಬಿಡಿ. ಬೇಕಿದ್ದರೆ ನೀವು ಬದಲಾಗಿ.

ಹಳೇ ಕ್ಯಾಸೆಟ್

ಯಾದಗಿರಿಯವರು ಬೂನ್ ಬಗ್ಗೆ ಹೇಳಿದ್ದು ಸರಿ. ಆದರೆ ಆ ಒಬ್ಬನನ್ನು ಹಿಡಿದುಕೊಂಡು ಎಲ್ಲರನ್ನೂ ಅಳೆದರೆ ಹೇಗೆ? ಕಲಬುರಗಿಯವರ 'ಯಾಕೆ' ಅನ್ನುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ.

ರಾಕ್‌ಗೆ ಮುಂಚಿನ ಕಾಲದಲ್ಲಿ ಕೆಲಸ ಹಂಚಿಕೆ ಆಗಿತ್ತು. ಹೆಚ್ಚಾಗಿ ಸಾಹಿತ್ಯ ಒಬ್ಬರದು, ಧಾಟಿ ಇನ್ನೊಬ್ಬರದು, ಹಾಡುವವರು ಬೇರೆ. ಗರ್ಶ್ವಿನ್, ಕೋಲ್ ಪೋರ್ಟರ್, ರಿಚರ್ಡ್ ರಾಜರ್ಸ್ ಇವರೆಲ್ಲ ಹಾಡು ಮಾಡುತ್ತಿದ್ದದ್ದೇ ಯಾರು ಬೇಕಾದರೂ ಹಾಡಲಿ ಅಂತ. ಒಂದೇ ಹಾಡನ್ನು ಹತ್ತಾರು ಜನ ಹಾಡುತ್ತಿದ್ದರು, ಅದನ್ನು ಯಾರೂ ಕವರ್ ಅಂತಲೂ ಕರೆಯುತ್ತಿರಲಿಲ್ಲ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಭಜನಾ ಮಂಡಳಿಯವರೂ ಹಾಡುತ್ತಾರೆ, ಹಿಂದೂಸ್ತಾನಿ ಕಲಿತವರೂ ಹಾಡುತ್ತಾರೆ, ಯಾರೂ ಬಂದು ಇದು ನಿನ್ನದಲ್ಲ ಅನ್ನುವುದಿಲ್ಲ ಅಲ್ವಾ, ಹಾಗೆ. ರಾಕ್ ಬಂದ ಮೇಲೆ ಬರೆದವನೇ ಹಾಡುವುದು ವಾಡಿಕೆ ಆಯಿತು. ಹಾಡು ಅಂದರೆ ಬರೀ ಧಾಟಿ ಅಲ್ಲ, ಆ ಗಿಟಾರಿನ ಸದ್ದು, ಆ ಗಂಟಲು, ಆ ಡ್ರಮ್ಸ್, ಎಲ್ಲ ಸೇರಿ ಒಂದು. ರಾಕ್ ಹಾಡು 'ಸ್ಮೋಕ್ ಆನ್ ದ ವಾಟರ್'ನಿಂದ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕನ್ನು, ಅಂದರೆ ರಿಫ್ ಕಿತ್ತುಹಾಕಿ, ಉಳಿಯುವುದು ಏನು? ಹಾಗಾಗಿ ರಾಕ್‌ನವನು ಹಳೇ ಹಾಡಿಗೆ ಹೋದರೆ ಬಾಗಿಲು ತೆರೆದೇ ಇರುತ್ತದೆ, ಹಳೇ ಹಾಡಿನ ಕಡೆಯಿಂದ ರಾಕ್ ಕಡೆಗೆ ಹೋಗುವವನಿಗೆ ಬಾಗಿಲು ಮುಚ್ಚಿರುತ್ತದೆ.

ಪ್ಯಾಟ್ ಬೂನ್‌ಗೂ ಇದು ಗೊತ್ತಿತ್ತು ಅಂತ ಕಾಣುತ್ತದೆ. 1997ರಲ್ಲಿ ಇಡೀ ಒಂದು ಹೆವಿ ಮೆಟಲ್ ಆಲ್ಬಂ ಮಾಡಿದ, ತುತ್ತೂರಿ ಬ್ಯಾಂಡ್ ಇಟ್ಟುಕೊಂಡು. 'ಸ್ಮೋಕ್ ಆನ್ ದ ವಾಟರ್', 'ಕ್ರೇಜಿ ಟ್ರೇನ್', 'ಎಂಟರ್ ಸ್ಯಾಂಡ್‌ಮ್ಯಾನ್' ಎಲ್ಲ ಅದರಲ್ಲಿದೆ. ಚರ್ಮದ ಜಾಕೆಟ್ ಹಾಕಿ ಎದೆ ತೋರಿಸಿಕೊಂಡು ಅವಾರ್ಡ್ ಸಮಾರಂಭಕ್ಕೆ ಬಂದ. ಕ್ರೈಸ್ತ ಚಾನೆಲ್ ಒಂದು ಅವನ ಕಾರ್ಯಕ್ರಮವನ್ನೇ ನಿಲ್ಲಿಸಿತು! ಆ ಆಲ್ಬಂ ನಗಿಸುವುದಕ್ಕೇ ಮಾಡಿದ್ದು, ನಗು ಬರುತ್ತದೆ, ಅಷ್ಟು ಸಾಕು.

ಆದರೆ ಹಳೇ ಪಾಪ್ ಗಾಯಕ ಪಾಲ್ ಆಂಕಾ 2005ರಲ್ಲಿ ಇದೇ ಕೆಲಸವನ್ನು ನಗದೆ ಮಾಡಿದ. ನಿರ್ವಾನಾ, ಒಯಾಸಿಸ್, ವಾನ್ ಹೇಲನ್, ಸೌಂಡ್‌ಗಾರ್ಡನ್, ಈ ರಾಕ್ ಬ್ಯಾಂಡ್‌ಗಳ ಹಾಡನ್ನೆಲ್ಲ ಜಾಝ್ ರೀತಿಯ ದೊಡ್ಡ ಸ್ವಿಂಗ್ ಬ್ಯಾಂಡ್ ಜೊತೆ ಹಾಡಿದ. ಒಯಾಸಿಸ್‌ನ 'ವಂಡರ್‌ವಾಲ್' ನನಗೆ ನಿಜವಾಗಿಯೂ ಇಷ್ಟ. 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಅಷ್ಟಕ್ಕಷ್ಟೇ. ನಿರ್ವಾನಾದ ಕರ್ಟ್ ಕೋಬೇನ್ ಅರ್ಧ ನುಂಗಿ ಹಾಡಿದ ಮಾತುಗಳನ್ನು ಇವನು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ, ಬಿಡಿಸಿ ಹೇಳಿದ ಮೇಲೆ ಅದರಲ್ಲಿ ಸಿಟ್ಟೇ ಉಳಿಯುವುದಿಲ್ಲ.

ಈಗ ನನ್ನ ಮಾತಿಗೇ ಅಡ್ಡ ಬರುವ ಹಾಡು, 'ಸಮ್‌ಥಿಂಗ್'. 1969ರಲ್ಲಿ ಬಂದದ್ದು, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬರೆದದ್ದು. ಸಿನಾತ್ರಾಗೆ ಇದರ ಮೇಲೆ ಎಷ್ಟು ಪ್ರೀತಿ ಅಂದರೆ ಐವತ್ತು ವರ್ಷದಲ್ಲಿ ಬಂದ ಅತಿ ದೊಡ್ಡ ಪ್ರೇಮಗೀತೆ ಅಂತ ಸ್ಟೇಜಿನಲ್ಲಿ ಹೊಗಳುತ್ತಿದ್ದ, ಆದರೆ ಬರೆದವರು ಬೀಟಲ್ಸ್‌ನ ಇನ್ನಿಬ್ಬರು, ಲೆನನ್ ಮತ್ತು ಮಕಾರ್ಟ್ನಿ, ಅಂತ ಹೇಳಿಬಿಡುತ್ತಿದ್ದ. ಪಾಪ ಹ್ಯಾರಿಸನ್. 1970ರಲ್ಲಿ ಒಮ್ಮೆ ರೆಕಾರ್ಡ್ ಮಾಡಿದ, ಆಮೇಲೆ 1980ರ 'ಟ್ರಿಲಜಿ' ಆಲ್ಬಂಗೆ ನೆಲ್ಸನ್ ರಿಡಲ್ ಮಾಡಿದ ವಾದ್ಯ ಜೋಡಣೆಯ ಜೊತೆ ಇನ್ನೊಮ್ಮೆ. ಒಂದು ಸಾಲಿನಲ್ಲಿ ಸಿನಾತ್ರಾ ತನ್ನ ಅಭ್ಯಾಸದಂತೆ 'ಜಾಕ್' ಅಂತ ಒಂದು ಪದ ತುರುಕಿದ, ಹರಟೆಯಲ್ಲಿ ಗೆಳೆಯನನ್ನು ಕರೆದ ಹಾಗೆ. ಹ್ಯಾರಿಸನ್ ಏನು ಮಾಡಿದ ಗೊತ್ತಾ? ಬೇಸರ ಪಟ್ಟುಕೊಳ್ಳಲಿಲ್ಲ. ಮುಂದೆ ತಾನೇ ಸ್ಟೇಜಿನಲ್ಲಿ ಹಾಡುವಾಗ ಅದೇ 'ಜಾಕ್' ಸೇರಿಸಿ ಹಾಡಿದ. ಯಾದಗಿರಿಯವರೇ, ಇದಕ್ಕೂ ದುಡ್ಡೇ ಕಾರಣ ಅಂತೀರಾ?

ಅಂದ ಹಾಗೆ ಕಾಕಾ ರಫಿ ಅಭಿಮಾನಿ ಅಂದಿರಲ್ಲ, ಅವರು ಬೀಟಲ್ಸ್ ಹಾಡನ್ನು ಆಗಲೇ ಹಾಡಿರಬಹುದು, ಗೊತ್ತಿಲ್ಲದೆ. 1965ರ 'ಜಾನ್ವರ್' ಸಿನಿಮಾದ 'ದೇಖೋ ಅಬ್ ತೋ' ಕೇಳಿ, ರಫಿ ಮತ್ತು ಆಶಾ ಹಾಡಿದ್ದು. ಸೀದಾ 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್'. 1968ರ 'ಝುಕ್ ಗಯಾ ಆಸ್ಮಾನ್'ನ 'ಕೌನ್ ಹೈ ಜೋ ಸಪ್ನೋಂ ಮೇಂ ಆಯಾ' ಎಲ್ವಿಸ್‌ನ 'ಮಾರ್ಗರಿಟಾ' ಧಾಟಿ. ಎರಡೂ ಶಂಕರ್ ಜೈಕಿಶನ್. ಕಾಕಾ ಇದರಿಂದಲೇ ಶುರು ಮಾಡಿದರೆ ಹಾಲ್‌ನಲ್ಲಿರುವ ಹಿರಿಯರೂ ಕೈ ತಟ್ಟುತ್ತಾರೆ, ಆಮೇಲೆ ನೀವು ಮೂಲ ಹಾಡಿಗೆ ಎಳೆದುಕೊಂಡು ಹೋಗಿ.

ಕಲಬುರಗಿ ಗಿಟಾರ್

ರಫಿ ಐಡಿಯಾ ಸೂಪರ್ ಸರ್! 'ಕೌನ್ ಹೈ ಜೋ' ಕಾಕಾ ಕಣ್ಣು ಮುಚ್ಚಿ ಹಾಡುತ್ತಾರೆ. 'ಸಮ್‌ಥಿಂಗ್' ಕೂಡ ಕೇಳಿಸಿದೆ, "ಇದು ರಾಕ್ ಅಂತ ಯಾರು ಹೇಳಿದ್ದು?" ಅಂದರು. ಈಗ ಉಳಿದದ್ದು ನಮ್ಮ ಪಾಲು. ನಾವು ನಾಲ್ಕು ಗದ್ದಲದವರು ಹಾಡುವುದು ಏನು? ಮತ್ತೆ ಹೇಗೆ? ಮೆಲ್ಲಗೆ ಹಾಡಲು ಹೋದರೆ ನನ್ನ ದನಿ ನಡುಗುತ್ತದೆ.

ಕೀಬೋರ್ಡ್ ಮಾಸ್ತರ್

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು, ಇತಿಹಾಸ ಬಿಟ್ಟು ಕೆಲಸದ ಮಾತು ಹೇಳುತ್ತೇನೆ.

ಮೊದಲು ಮೈಕು. ಹಳೇ ಕಾಲದವರ ಈ ಮೆಲು ಗಾಯನ ಹುಟ್ಟಿದ್ದೇ ಎಲೆಕ್ಟ್ರಿಕ್ ಮೈಕು ಬಂದದ್ದರಿಂದ, 1920ರ ದಶಕದಲ್ಲಿ. ಅದಕ್ಕೆ ಮುಂಚೆ ಹಾಲ್‌ನ ಕೊನೆ ಸಾಲಿಗೆ ಕೇಳಿಸಬೇಕು ಅಂದರೆ ಕೂಗಲೇಬೇಕಿತ್ತು. ಮೈಕಿಗೆ ಬಾಯಿ ಹತ್ತಿರ ಬಂದಷ್ಟೂ ದನಿಯಲ್ಲಿ ಬೇಸ್ ತುಂಬಿಕೊಳ್ಳುತ್ತದೆ, ಕಾಕಾನ ದನಿ ಅಷ್ಟು ಗುಂಡಗೆ ಕೇಳಿಸುವುದು ಅದಕ್ಕೇ. ನೀವು ಬ್ಯಾಂಡಿನವರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತೀರಿ, ಸಣ್ಣ ಹಾಲ್‌ನಲ್ಲಿ ಕುಂಯ್ ಅಂತ ಕೂಗುವುದು ಅದರಿಂದಲೇ. ಕೈ ಕೆಳಗೆ ಹಿಡಿಯಿರಿ. ಮೆಲು ಸಾಲಿಗೆ ಹತ್ತಿರ, ಜೋರು ಸಾಲಿಗೆ ಒಂದು ಗೇಣು ದೂರ. ಸೌಂಡಿನವನಿಗೆ ಎಕೋ ಕಡಿಮೆ ಮಾಡು ಅಂತ ಮುಂಚೆಯೇ ಹೇಳಿ. ನಮ್ಮ ಕಡೆ ಸೌಂಡಿನವರು ಕೇಳದಿದ್ದರೂ ಎಕೋ ಜಾಸ್ತಿ ಕೊಡುತ್ತಾರೆ, ಮದುವೆ ಮನೆಗೆ ಸರಿ, ಇದಕ್ಕೆ ಅಲ್ಲ.

ದನಿ ನಡುಗುವುದು ಉಸಿರಿಗೆ ಸಂಬಂಧಪಟ್ಟದ್ದು. ಕಿರುಚುವಾಗ ಉಸಿರು ತಾನಾಗಿ ನುಗ್ಗುತ್ತದೆ, ಮೆಲ್ಲಗೆ ಹಾಡುವಾಗ ಅದನ್ನು ತಡೆದು ತಡೆದು ಬಿಡಬೇಕು. ಸಿನಾತ್ರಾ ಅದನ್ನು ತನ್ನ ಬ್ಯಾಂಡಿನ ಯಜಮಾನ ಟಾಮಿ ಡಾರ್ಸಿ ಟ್ರಾಂಬೋನ್ ಊದುವುದನ್ನು ನೋಡಿ ಕಲಿತೆ ಅಂತ ಹೇಳಿಕೊಂಡಿದ್ದಾನೆ. ಕಾಕಾ ಪಕ್ಕ ಕೂತು ಒಂದೇ ಉಸಿರಿಗೆ ಎರಡು ಸಾಲು ಹಾಡಿ ನೋಡಿ, ಮೊದಲು ಬರುವುದಿಲ್ಲ.

'ಸಮ್‌ಥಿಂಗ್' ಮೂಲ ಸ್ಕೇಲ್ ಸಿ, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ಅದರ ಸೊಗಸು ಇರುವುದು ಒಳಗೊಳಗೇ ಇಳಿಯುವ ಸ್ವರದಲ್ಲಿ. ಹಾಡು ಶುರುವಾದಾಗ ಕಾರ್ಡ್ ಬದಲಾಗುವುದನ್ನು ಗಮನಿಸಿ, ಷಡ್ಜ, ಶುದ್ಧ ನಿ, ಕೋಮಲ ನಿ, ಆಮೇಲೆ ದ. ಇದನ್ನು ಕೀಬೋರ್ಡ್‌ನಲ್ಲಿ ಒಂದೇ ಬೆರಳಲ್ಲಿ ನುಡಿಸಿದರೂ ಸಾಕು, ಹಾಡು ನಿಲ್ಲುತ್ತದೆ. ಮಧ್ಯದಲ್ಲಿ ಹಾಡು ಎ ಸ್ಕೇಲಿಗೆ, ಅಂದರೆ ಬಿಳಿ ಆರಕ್ಕೆ ಹಾರುತ್ತದೆ, ಅಲ್ಲಿ ದನಿ ಸ್ವಲ್ಪ ಎತ್ತಬೇಕು. ಕಾಕಾಗೆ ಕಷ್ಟ ಆದರೆ ಇಡೀ ಹಾಡನ್ನು ಎರಡು ಪಟ್ಟಿ ಕೆಳಗೆ ಇಳಿಸಿ, ಏನೂ ಕೆಡುವುದಿಲ್ಲ.

ನಿಮಗೆ 'ಫ್ಲೈ ಮಿ ಟು ದ ಮೂನ್' ಕೊಡುತ್ತೇನೆ. ಬಾರ್ಟ್ ಹೋವರ್ಡ್ ಇದನ್ನು ಬರೆದಾಗ ಮೂರರ ನಡೆ ಇತ್ತು, ವಾಲ್ಟ್ಸ್. ಸಿನಾತ್ರಾ 1964ರಲ್ಲಿ ಕೌಂಟ್ ಬೇಸಿ ಬ್ಯಾಂಡ್ ಜೊತೆ ಹಾಡಿದ್ದು ನಾಲ್ಕರ ನಡೆಯಲ್ಲಿ, ವಾದ್ಯ ಜೋಡಿಸಿದ್ದು ಕ್ವಿನ್ಸಿ ಜೋನ್ಸ್. ತಾಳವನ್ನೇ ಬದಲಿಸಿದರೂ ಹಾಡು ಅಲ್ಲಾಡಲಿಲ್ಲ, ನೀವು ಗಿಟಾರ್ ಹಾಕಿದರೆ ಏನಾಗುತ್ತದೆ? ತಬಲಾದವರಿಗೆ ಹೀಗೆ ಹೇಳಿ, ಪ್ರತಿ ಮಾತ್ರೆಯನ್ನು ಮೂರಾಗಿ ಒಡೆದು ಮೊದಲನೆಯದು ಮತ್ತು ಮೂರನೆಯದನ್ನು ಮಾತ್ರ ಬಾರಿಸಿ ಅಂತ. ಸ್ವಿಂಗ್ ಬಂತು.

ಬೀದರ್ ಕೋಟೆ ಗಾಳಿ

ಗದ್ದಲದವರಿಗೆ 'ಬ್ಲೂ ಮೂನ್' ಕೂಡ ಇದೆ. 1934ರ ಹಾಡು, ರಾಜರ್ಸ್ ಮತ್ತು ಹಾರ್ಟ್ ಜೋಡಿಯದ್ದು. ಎಲ್ವಿಸ್ 1954ರಲ್ಲಿ ಹಾಡಿದಾಗ ಹಾಡಿನ ಮಧ್ಯಭಾಗವನ್ನೇ ಬಿಟ್ಟುಬಿಟ್ಟ, ಅದರ ಬದಲು ಮೇಲಿನ ಕಳ್ಳದನಿಯಲ್ಲಿ ಗೋಳಾಡುತ್ತಾನೆ, ಹಿಂದೆ ಕುದುರೆ ಗೊರಸಿನ ಥರ ಟಕ್ ಟಕ್ ಸದ್ದು. 1961ರಲ್ಲಿ ಮಾರ್ಸೆಲ್ಸ್ ಅನ್ನುವ ಗುಂಪು ಅದನ್ನೇ ಬಾಮ್ ಬಾಬಾ ಬಾಮ್ ಅಂತ ಕುಣಿಸಿ ನಂಬರ್ ಒನ್ ಮಾಡಿತು. ಒಂದೇ ಹಾಡು, ಒಂದರಲ್ಲಿ ಅಳು, ಇನ್ನೊಂದರಲ್ಲಿ ಜಾತ್ರೆ. ಯಾವುದು ಬೇಕೋ ಆರಿಸಿಕೊಳ್ಳಿ.

ಮತ್ತೆ ಕಾಕಾ ಜೊತೆ ಒಂದು ಹಾಡು ಒಟ್ಟಿಗೆ ಹಾಡಿ. 1977ರ ಸೆಪ್ಟೆಂಬರ್‌ನಲ್ಲಿ ಹಳೇ ಮೆಲು ದನಿಯ ಬಿಂಗ್ ಕ್ರಾಸ್ಬಿ ಮತ್ತು ರಾಕ್‌ನ ಡೇವಿಡ್ ಬೋವಿ ಲಂಡನ್ ಹತ್ತಿರ ಟಿವಿಗಾಗಿ ಹಾಡಿದರು. ಕ್ರಾಸ್ಬಿಗೆ 74, ಬೋವಿಗೆ 30. 'ಲಿಟಲ್ ಡ್ರಮ್ಮರ್ ಬಾಯ್' ನನಗೆ ಬೇಡ ಅಂತ ಬೋವಿ ಹಟ ಹಿಡಿದ. ಶೋ ತಂಡದವರು ಅಲ್ಲೇ ಕೂತು ಗಂಟೆ ಸವಾ ಗಂಟೆಯಲ್ಲಿ ಬೋವಿಗೆ ಅಂತಲೇ 'ಪೀಸ್ ಆನ್ ಅರ್ತ್' ಅನ್ನುವ ಬೇರೆ ಧಾಟಿ ಕಟ್ಟಿದರು. ಕ್ರಾಸ್ಬಿ ಒಂದು ಹಾಡುತ್ತಾರೆ, ಬೋವಿ ಅದರ ಮೇಲೆ ಇನ್ನೊಂದು ಹಾಡುತ್ತಾನೆ, ಎರಡೂ ಕೂಡಿಕೊಳ್ಳುತ್ತವೆ. ಮುಂದಿನ ತಿಂಗಳು ಕ್ರಾಸ್ಬಿ ತೀರಿಕೊಂಡರು, ಕಾರ್ಯಕ್ರಮ ಪ್ರಸಾರ ಆದದ್ದು ಅದಾದ ಮೇಲೆ.

ಯಾದಗಿರಿ ಲೋಕಲ್

'ಜಾಕ್' ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೂ ರಾಕ್‌ನವರು ಹಳೇ ಹಾಡಿಗೆ ಬಂದದ್ದೆಲ್ಲ ಚೆನ್ನ ಅನ್ನುವುದನ್ನು ಒಪ್ಪಲ್ಲ. ರಾಕ್‌ನ ರಾಡ್ ಸ್ಟುವರ್ಟ್ 2002ರಿಂದ ಹಳೇ ಹಾಡುಗಳ ಆಲ್ಬಂ ಮೇಲೆ ಆಲ್ಬಂ ತಂದ. ಚೆನ್ನಾಗಿ ಮಾರಾಟ ಆಯಿತು, ಗ್ರ್ಯಾಮಿ ಕೂಡ ಬಂತು, ಆದರೆ ಕೇಳಿದರೆ ನಿದ್ದೆ. ಆ ಒರಟು ಗಂಟಲಿಗೆ ಸೂಟು ಹೊಲಿಸಿ ಕೂರಿಸಿದ್ದಾರೆ. ಲಿಂಡಾ ರಾನ್‌ಸ್ಟಾಟ್ 1983ರಲ್ಲಿ ಮಾಡಿದ್ದು ಬೇರೆ ಮಾತು. ಸಿನಾತ್ರಾಗೆ ವಾದ್ಯ ಜೋಡಿಸುತ್ತಿದ್ದ ಅದೇ ನೆಲ್ಸನ್ ರಿಡಲ್‌ನನ್ನೇ ಹಿಡಿದು ತಂದಳು, ಅವಳಿಗೆ ಗಂಟಲೂ ಇತ್ತು. ನನಗೆ ಎಲ್ಲಕ್ಕಿಂತ ಇಷ್ಟ ಬಾಬ್ ಡಿಲನ್‌ನ 2015ರ 'ಶ್ಯಾಡೋಸ್ ಇನ್ ದ ನೈಟ್'. ಅದರಲ್ಲಿರುವ ಹಾಡೆಲ್ಲ ಸಿನಾತ್ರಾ ಹಾಡಿದ್ದವೇ. ರೆಕಾರ್ಡ್ ಮಾಡಿದ್ದೂ ಸಿನಾತ್ರಾ ಹಾಡುತ್ತಿದ್ದ ಕ್ಯಾಪಿಟಲ್ ಸ್ಟುಡಿಯೋದಲ್ಲೇ. ದೊಡ್ಡ ಪಿಟೀಲು ಮೇಳ ಇಲ್ಲ, ಐದು ಜನರ ಬ್ಯಾಂಡ್, ಪಿಟೀಲಿನ ಜಾಗದಲ್ಲಿ ಪೆಡಲ್ ಸ್ಟೀಲ್ ಗಿಟಾರ್. 73 ವರ್ಷದ ಒಡೆದ ದನಿ, ಅದನ್ನು ಮುಚ್ಚಿಡುವ ಪ್ರಯತ್ನವನ್ನೇ ಮಾಡಿಲ್ಲ. ಕಲಬುರಗಿಯವರೇ, ನಿಮ್ಮ ದನಿ ನಡುಗುತ್ತದೆ ಅಂದಿರಲ್ಲ, ನಡುಗಲಿ ಬಿಡಿ.

ಮತ್ತೆ ಒಂದು ಬೇಡಿಕೆ. ರಿಟೈರ್‌ಮೆಂಟ್ ಅಂತ ದಯವಿಟ್ಟು 'ಮೈ ವೇ' ಹಾಡಬೇಡಿ. ಎಲ್ಲ ಬೀಳ್ಕೊಡುಗೆಯಲ್ಲೂ ಅದೇ. ಸಿನಾತ್ರಾಗೇ ಅದು ಸಾಕುಸಾಕಾಗಿತ್ತು.

ಹಳೇ ಕ್ಯಾಸೆಟ್

'ಮೈ ವೇ' ಬೇಡ ಅನ್ನಲು ಆಗುತ್ತಾ? ಈ ಎರಡು ಕಡೆಯವರ ಮಧ್ಯೆ ಅಷ್ಟು ಓಡಾಡಿದ ಹಾಡು ಇನ್ನೊಂದಿಲ್ಲ. ಮೂಲ 1967ರ ಫ್ರೆಂಚ್ ಹಾಡು, ಕ್ಲಾಡ್ ಫ್ರಾಂಸ್ವಾ ಹಾಡಿದ್ದು. ಅದಕ್ಕೆ ಇಂಗ್ಲಿಷ್ ಸಾಹಿತ್ಯ ಬರೆಯಲು ಮೊದಲು ಪ್ರಯತ್ನ ಪಟ್ಟವರಲ್ಲಿ ಆಗಿನ್ನೂ ಹೆಸರಿಲ್ಲದ ಡೇವಿಡ್ ಬೋವಿ ಒಬ್ಬ, ಅವನದ್ದು ನಡೆಯಲಿಲ್ಲ. ಪಾಲ್ ಆಂಕಾ ಬರೆದದ್ದನ್ನು ಸಿನಾತ್ರಾ 1968ರ ಡಿಸೆಂಬರ್‌ನಲ್ಲಿ ಹಾಡಿದ. ಬೋವಿ ಆ ಹೊಟ್ಟೆಉರಿಯನ್ನು 'ಲೈಫ್ ಆನ್ ಮಾರ್ಸ್' ಮಾಡಿ ತೀರಿಸಿಕೊಂಡ. 1973ರಲ್ಲಿ ಎಲ್ವಿಸ್ ಹವಾಯಿಯಲ್ಲಿ ಹಾಡಿದ, 1978ರಲ್ಲಿ ಪಂಕ್ ಹುಡುಗ ಸಿಡ್ ವಿಶಸ್ ಬಂದು ಹರಿದು ಹಾಕಿದ. ಕಾಕಾ ಒಂದು ಚರಣ ಸಿನಾತ್ರಾ ಥರ ಹಾಡಲಿ, ಮುಂದಿನದು ನೀವು ಸಿಡ್ ಥರ. ಜನ ಎದ್ದು ನಿಲ್ಲುತ್ತಾರೆ, ಇಲ್ಲವೇ ಊಟಕ್ಕೆ ಓಡುತ್ತಾರೆ.

ಕಲಬುರಗಿ ಗಿಟಾರ್

ಎಲ್ಲರಿಗೂ ಬಹಳ ಥ್ಯಾಂಕ್ಸ್ ರೀ. ರಾತ್ರಿ ಕಾಕಾ ಜೊತೆ ಕೂತು ಪಟ್ಟಿ ಮಾಡಿದೆವು. ಮೊದಲು 'ಕೌನ್ ಹೈ ಜೋ', ಕಾಕಾ. ಅದರ ಬಾಲ ಹಿಡಿದು 'ಲವ್ ಮಿ ಟೆಂಡರ್' ಮತ್ತು 'ವಿಚ್‌ಕ್ರಾಫ್ಟ್' ಇಬ್ಬರೂ ಅದಲು ಬದಲು. ಕಾಕಾಗೆ 'ಸಮ್‌ಥಿಂಗ್', ಎರಡು ಪಟ್ಟಿ ಕೆಳಗೆ. ನಮಗೆ 'ಫ್ಲೈ ಮಿ ಟು ದ ಮೂನ್' ಮತ್ತು ಎಲ್ವಿಸ್ ರೀತಿಯ 'ಬ್ಲೂ ಮೂನ್'. 'ಮೈ ವೇ' ವಿಷಯದಲ್ಲಿ ಕಾಕಾ ಯಾದಗಿರಿಯವರ ಪಕ್ಷ, ಬೇಡವೇ ಬೇಡ ಅಂದರು. ಆದರೆ ಪಾಲ್ ಆಂಕಾನ ಟೀನ್ ಸ್ಪಿರಿಟ್ ಕೇಳಿಸಿದ್ದೇ ತಪ್ಪಾಯಿತು ನೋಡಿ, ಈಗ ಅದು ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಬೆಳಿಗ್ಗೆಯಿಂದ ಸ್ನಾನದ ಮನೆಯಲ್ಲಿ ಪ್ರಾಕ್ಟೀಸ್ ನಡೆದಿದೆ.

ಕೀಬೋರ್ಡ್ ಮಾಸ್ತರ್

ಟೀನ್ ಸ್ಪಿರಿಟ್‌ಗೆ ಸ್ಕೇಲ್ ಯಾವುದು ಅಂತ ಕಾಕಾ ದನಿ ಕೇಳಿ ಇಲ್ಲೇ ಹಾಕಿ, ತುತ್ತೂರಿ ಭಾಗ ಕೀಬೋರ್ಡ್‌ಗೆ ಬರೆದು ಕೊಡುತ್ತೇನೆ. ಡ್ರಮ್ಸಿನವನಿಗೆ ಕೋಲು ಬಿಟ್ಟು ಬ್ರಷ್ ತರಲು ಹೇಳಿ. ವಿಡಿಯೋ ಹಾಕುವುದನ್ನು ಮರೆಯಬೇಡಿ.